ಹೊರಗಿಟ್ಟವಳ ಮನೆಗೆ ಹೋದವರು

ಸಭೆ ಮುಗಿಯುವ ಹೊತ್ತಿಗೆ ಹಿರಿಯರು ಎದ್ದು ನಿಂತು, ಯಾರ ಹೆಸರನ್ನೂ ಎತ್ತದೆ, ಒಂದೇ ಒಂದು ಮಾತು ಹೇಳಿ ಕೂತರು.

"ನಮ್ಮೊಳಗಿನ ಒಂದು ಮನೆಯವರು ಹೊರಗಿಟ್ಟವರ ಜೊತೆ ಕೂತು ಉಣ್ಣುತ್ತಿದ್ದಾರೆ ಅಂತ ನಮಗೆ ತಿಳಿದುಬಂದಿದೆ."

ಕುಂಬಳಕಾಯಿ ಕಳ್ಳ ಅಂದರೆ ಹೆಗಲು ಮುಟ್ಟಿ ನೋಡಿಕೊಂಡ ಅನ್ನುವ ಹಾಗೆ, ಬೆಂಚುಗಳ ಮೇಲಿದ್ದವರೆಲ್ಲ ಮೊದಲು ತಮ್ಮ ತಮ್ಮ ಮನೆಯವರ ಮುಖ ನೋಡಿಕೊಂಡರು. ಆಮೇಲೆ ಒಬ್ಬೊಬ್ಬರಾಗಿ ಬೇಕರಿ ಮನೆಯವರ ಕಡೆ ತಿರುಗಿದರು.

ಇವರ ಪಂಥಕ್ಕೂ ಸಭೆ ಅಂತಲೇ ಹೆಸರು. ಸಭೆಯಲ್ಲಿ ಹಾಡಿಲ್ಲ, ಬಣ್ಣದ ಬಟ್ಟೆಯಿಲ್ಲ, ಜೋರು ನಗುವಿಲ್ಲ. ತಪ್ಪು ಮಾಡಿದವರಿಗೆ ಬೈಗುಳವೂ ಇಲ್ಲ, ಹೊಡೆತವೂ ಇಲ್ಲ. ಒಪ್ಪಿಗೆಗೆ ಎಲ್ಲರ ಕೈ ಎತ್ತಿಸಿ ಹೊರಗಿಡುತ್ತಾರೆ, ಅಷ್ಟೇ. ಹೊರಗಿಟ್ಟವರ ಜೊತೆ ಮಾತಾಡಬಾರದು, ಅವರ ಕೈಯಿಂದ ಏನೂ ತಗೋಬಾರದು, ಒಂದು ಮೇಜಿನಲ್ಲಿ ಕೂತು ಉಣ್ಣಬಾರದು. ಹೆತ್ತವರಿಗೂ ಅದೇ ನಿಯಮ, ಒಡಹುಟ್ಟಿದವರಿಗೂ ಅದೇ.

ಬೇಕರಿ ಮನೆಯ ಅಜ್ಜಿಗೆ ಸಭೆಯಲ್ಲಿ ಮೊದಲ ಸಾಲಿನ ಬೆಂಚು. ಐದಾರು ವರ್ಷದ ಹಿಂದೆ ಅವಳ ಮಗಳನ್ನು ಹೊರಗಿಟ್ಟಿದ್ದರು. ಗಂಡ ಎರಡನೇ ಸಲ ಅವಳ ಕೈ ಮುರಿದಾಗ ಮಗಳು ಅವನ ಮನೆ ಬಿಟ್ಟು ಬಂದಿದ್ದಳು. ವಾಪಸ್ ಹೋಗು ಅಂತ ಸಭೆ ಹೇಳಿತು, ಅವಳು ಹೋಗಲ್ಲ ಅಂದಳು. ಕೈ ಎತ್ತುವ ದಿನ ಮನೆಯವರೇ ಮೊದಲು ಎತ್ತಬೇಕು. ಅಜ್ಜಿ ಎತ್ತಿದಳು. ಗೋಡೆಗೆ ಬಣ್ಣ ಬಳಿಯುವ ಆ ಅಳಿಯ ಈಗಲೂ ಮೂರನೇ ಸಾಲಿನಲ್ಲಿ ಕೂರುತ್ತಾನೆ.

ಮನೆಗೆ ಬಂದು ಊಟಕ್ಕೆ ಕೂತಾಗ ಮೊದಲು ಬಾಯಿ ಬಿಟ್ಟವಳು ಅಜ್ಜಿಯೇ.

"ಯಾರದು?"

"ಯಾರದು ಏನಮ್ಮ?" ಅಂದ ಅವಳ ಮಗ, ಬೇಕರಿಯವನು. ಅವನ ಹುಬ್ಬಿನಲ್ಲಿ ಬೆಳಗಿನ ಹಿಟ್ಟು ಇನ್ನೂ ಹಾಗೇ ಇತ್ತು.

"ನಮ್ಮನೇಲಿ ಅವಳ ಹತ್ರ ಹೋಗ್ತಿರೋರು ಯಾರು ಅಂತ ಕೇಳ್ದೆ."

"ಹೊರಗಿಟ್ಟಿರೋದು ನಮ್ಮನೆಯೋಳೊಬ್ಬಳನ್ನೇನಾ? ಚಪ್ಪಲಿ ಅಂಗಡಿಯವನ ತಮ್ಮ ಇಲ್ವಾ? ಹಾಲಿನವಳ ಅಕ್ಕ ಇಲ್ವಾ?"

"ಜನ ಅವರ ಮುಖ ನೋಡಲಿಲ್ಲ. ನಮ್ಮ ಮುಖ ನೋಡಿದ್ರು."

ಸೊಸೆ ಸಾರಿನ ಪಾತ್ರೆ ತಂದಿಟ್ಟಳು. ಅಜ್ಜಿ ಅವಳ ಕಡೆ ತಿರುಗಿದಳು. "ನಿನ್ನ ಹಲ್ಲುನೋವು ಹೇಗಿದೆ?"

"ಪರವಾಗಿಲ್ಲ ಅತ್ತೆ."

"ವಾರ ವಾರ ಡಾಕ್ಟರ ಹತ್ರ ಹೋಗ್ತೀಯ. ಇಷ್ಟೊತ್ತಿಗೆ ಬಾಯಲ್ಲಿ ಹಲ್ಲೇ ಉಳೀಬಾರದಿತ್ತು."

ಹದಿನೆಂಟರ ಮೊಮ್ಮಗಳು ಕಿಸಕ್ಕನೆ ನಕ್ಕಳು. ಅವಳಮ್ಮ ಗುರಾಯಿಸಿದ ಮೇಲೆ ತಟ್ಟೆ ನೋಡಿಕೊಂಡು ಕೂತಳು. ಚಮಚಗಳ ಸದ್ದಿನ ನಡುವೆ ನಾಲ್ಕು ಜನ ಒಬ್ಬರನ್ನೊಬ್ಬರು ಕಣ್ಣಂಚಲ್ಲಿ ಅಳೆಯುತ್ತಾ ಊಟ ಮುಗಿಸಿದರು.

ಮಾರನೇ ದಿನದಿಂದ ಬೇಕರಿಗೆ ಬರುವವರು ಕಡಿಮೆಯಾದರು. ಜಗಳ ಮಾಡಿ ಹೋದವರು ಯಾರೂ ಇಲ್ಲ. ಹಾಲಿನವಳು, "ಮಕ್ಕಳಿಗೆ ಹೊಟ್ಟೆ ಸರಿಯಿಲ್ಲ, ಬ್ರೆಡ್ಡು ಬೇಡ" ಅಂತ ಬೀದಿಯಿಂದಲೇ ಕೂಗಿ ಹೋದಳು. ದರ್ಜಿ ಬಾಗಿಲವರೆಗೂ ಬಂದು, ಏನೋ ಮರೆತವನ ಹಾಗೆ ಜೇಬು ತಡಕಾಡಿ ಹಿಂದಿರುಗಿದ. ಸಂಜೆ ಉಳಿದ ಬ್ರೆಡ್ಡನ್ನೆಲ್ಲ ಕೊಯ್ದು ರಸ್ಕ್ ಮಾಡಿದರು. ರಸ್ಕ್ ಕೇಳುವವರೂ ಇರಲಿಲ್ಲ. ಬೆಳಿಗ್ಗೆ ಟೀಗೆ ರಸ್ಕ್, ಮಧ್ಯಾಹ್ನ ಸಾರಿಗೆ ರಸ್ಕ್, ರಾತ್ರಿ ಹಾಲಿಗೆ ರಸ್ಕ್.

"ಇನ್ನೊಂದು ವಾರ ಹೀಗೇ ಆದ್ರೆ ನಾನು ನಡೆದ್ರೆ ಕರಂ ಕುರುಂ ಅನ್ನುತ್ತೆ," ಅಂದಳು ಮೊಮ್ಮಗಳು.

"ತಿನ್ನೋಕಿದೆಯಲ್ಲ ಅಂತ ಸುಮ್ನಿರು," ಅಂದಳು ಸೊಸೆ.

ಸಭೆಯ ಚಿಕ್ಕ ಮಕ್ಕಳಿಗೆ ಮೊಮ್ಮಗಳು ಅಕ್ಷರ ಕಲಿಸುತ್ತಿದ್ದಳು. ಆ ವಾರ ಹೋದಾಗ ಅವಳ ಕುರ್ಚಿಯಲ್ಲಿ ದರ್ಜಿಯ ಹೆಂಡತಿ ಕೂತಿದ್ದಳು. "ನೀನು ಸ್ವಲ್ಪ ದಿನ ವಿಶ್ರಾಂತಿ ತಗೋ ಅಂದ್ರು ಹಿರಿಯರು," ಅಂತ ಅವಳು ಸೀಮೆಸುಣ್ಣ ಮುರಿಯುತ್ತಾ ಹೇಳಿದಳು. ಒಂದು ಮಗು ಅಕ್ಕಾ ಅಂತ ಎದ್ದು ಬಂತು. ದರ್ಜಿಯ ಹೆಂಡತಿ ಅದರ ತೋಳು ಹಿಡಿದು ಕೂರಿಸಿದಳು.

ಮನೆಯೊಳಗೂ ಹಾಗೇ ಆಯಿತು. ಬೇಕರಿಯವನು ಬ್ರೆಡ್ಡಿನ ಸೈಕಲ್ ತಗೊಂಡು ಹೊರಟರೆ ಅಜ್ಜಿ ಕಿಟಕಿಯಲ್ಲಿ ನಿಂತು, ಎಡಕ್ಕೆ ಹೋದನೋ ಬಲಕ್ಕೆ ಹೋದನೋ ನೋಡುತ್ತಿದ್ದಳು. ಸೊಸೆ ಒಗೆಯುವ ಮುಂಚೆ ಗಂಡನ ಅಂಗಿಯ ಜೇಬು ತಿರುವಿ ನೋಡುತ್ತಿದ್ದಳು. ಬೇಕರಿಯವನಿಗೆ ಹೆಂಡತಿಯ ಮೇಲೆ ಅನುಮಾನ, ಅವಳಿಗೆ ಮಗಳ ಮೇಲೂ. ಸುದ್ದಿ ಮುಟ್ಟಿಸಿದ್ದು ಯಾರು ಅನ್ನುವ ಪ್ರಶ್ನೆಗೆ ಮಾತ್ರ ಮೂವರ ಉತ್ತರವೂ ಒಂದೇ: ಎದುರು ಮನೆಯ ಗಡಿಯಾರದವಳು.

ಗಡಿಯಾರ ರಿಪೇರಿ ಮಾಡುವವನ ಹೆಂಡತಿ ಅವಳು. ಗಂಡ ಕಣ್ಣಿಗೆ ಭೂತಗನ್ನಡಿ ಸಿಕ್ಕಿಸಿಕೊಂಡು ಗಡಿಯಾರದ ಒಳಗೆ ನೋಡಿದರೆ, ಹೆಂಡತಿ ಕನ್ನಡಿಯಿಲ್ಲದೆಯೇ ಬೀದಿಯ ಎಲ್ಲ ಮನೆಗಳ ಒಳಗೂ ನೋಡುತ್ತಾಳೆ ಅಂತ ಮಾತಿತ್ತು.

ಎರಡನೇ ವಾರ ಸಭೆಯ ಮೂವರು ಹೆಂಗಸರು ಮನೆ ನೋಡಲು ಬಂದರು. ಹೀಗೆ ಬರುವುದಕ್ಕೆ 'ಭೇಟಿ' ಅಂತ ಹೆಸರು. ಬಂದವರು ಕುರ್ಚಿಯಲ್ಲಿ ಕೂರಲಿಲ್ಲ, ನೆಟ್ಟಗೆ ಅಡುಗೆಮನೆಗೆ ನಡೆದರು.

"ನಾಲ್ಕು ಜನಕ್ಕೆ ಇಷ್ಟು ದೊಡ್ಡ ಪಾತ್ರೇನಾ?"

"ಮೊದಲಿಂದ ಇರೋದು," ಅಂದಳು ಸೊಸೆ.

"ಐದನೇ ತಟ್ಟೆ ಯಾಕಿದೆ?"

"ತಟ್ಟೆ ಅಂಗಡೀಲಿ ನಾಲ್ಕು ಕೊಡಲ್ಲ, ಆರು ಕೊಡ್ತಾರೆ. ಒಂದು ಒಡೆದುಹೋಯ್ತು."

"ಯಾರು ಒಡೆದದ್ದು?"

"ಬೆಕ್ಕು," ಅಂದಳು ಮೊಮ್ಮಗಳು ಬಾಗಿಲಿಂದ. "ಅದನ್ನೂ ಸಭೆಗೆ ಕರ್ಕೊಂಡು ಬರ್ಬೇಕಾ?"

ಹೆಂಗಸರು ಅವಳನ್ನು ಅಡಿಯಿಂದ ಮುಡಿವರೆಗೆ ನೋಡಿದರು. ಒಬ್ಬಳು ಬೀರು ತೆಗೆದು ಮಡಚಿಟ್ಟ ಹೊದಿಕೆಗಳ ನಡುವೆ ಕೈ ಹಾಕಿದಳು. ಇನ್ನೊಬ್ಬಳು ಮಂಚದ ಕೆಳಗೆ ಬಗ್ಗಿ, ಧೂಳು ಬಿಟ್ಟು ಬೇರೇನೂ ಸಿಗದೆ ಎದ್ದಳು. ಇಷ್ಟು ವರ್ಷ ಇಂಥ ಭೇಟಿಗಳಿಗೆ ಅಜ್ಜಿಯೇ ಮುಂದಾಳು. ಬೇರೆಯವರ ಬೀರು ತೆಗೆದು ನೋಡಿದ್ದವಳು ಈಗ ತನ್ನ ಬೀರು ತೆರೆದದ್ದನ್ನು ಗೋಡೆಗೊರಗಿ ನಿಂತು ನೋಡಿದಳು. ಹೋಗುವಾಗ ಒಬ್ಬಳು, "ನಿಮ್ಮ ಮೇಲೆ ನಮಗೇನೂ ಅನುಮಾನ ಇಲ್ಲ ಅಜ್ಜಿ, ಆದ್ರೆ ಬೆಂಕಿ ಇಲ್ದೆ ಹೊಗೆ ಆಡುತ್ತಾ ನೀವೇ ಹೇಳಿ," ಅಂದಳು. ಅಜ್ಜಿ ಬಾಗಿಲು ಹಾಕಿದಳು.

ಸೊಸೆಗೆ ಮಾತ್ರ ತಡೆಯಲಾಗಲಿಲ್ಲ. ಕೈಯಲ್ಲಿದ್ದ ಒರೆಸುವ ಬಟ್ಟೆಯನ್ನೂ ಬಿಡದೆ ಬೀದಿ ದಾಟಿ ಎದುರು ಮನೆಯ ಮೆಟ್ಟಿಲ ಮೇಲೆ ನಿಂತಳು. ಗಡಿಯಾರದವಳು ಆಲೂಗಡ್ಡೆ ಬುಟ್ಟಿ ಇಟ್ಟುಕೊಂಡು ಸಿಪ್ಪೆ ತೆಗೆಯುತ್ತಿದ್ದಳು.

"ಈಗ ಹೊಟ್ಟೆ ತಣ್ಣಗಾಯ್ತಾ?"

"ಏನಾಯ್ತಮ್ಮ?"

"ನನ್ನ ಬೀರು, ಮಂಚ ಎಲ್ಲ ನೋಡಿ ಹೋದ್ರು. ಇನ್ನು ಅಡುಗೆಮನೆ ಬೂದಿ ಮಾತ್ರ ಬಾಕಿ. ನಿಮಗೆ ನಾವೇನು ಮಾಡಿದ್ವಿ? ಯಾಕೆ ಹೋಗಿ ಹೇಳಿದ್ರಿ?"

ಗಡಿಯಾರದವಳು ಚಾಕು ಕೆಳಗಿಟ್ಟಳು. ಮಾತಾಡುವ ಮುಂಚೆ ಬೀದಿಯ ಆ ತುದಿ ಈ ತುದಿ ನೋಡಿಕೊಂಡಳು.

"ಬಾಯಿ ಸಣ್ಣದು ಮಾಡ್ಕೊಂಡು ಕೇಳು. ಆಸ್ಪತ್ರೆ ಹತ್ರದ ಬಸ್ ಸ್ಟಾಪಲ್ಲಿ ನೀನು ಸೇತುವೆ ಆಚೆಯ ಬಸ್ ಹತ್ತೋದನ್ನ ನಾನು ನೋಡಿದ್ದೀನಿ. ಹಲ್ಲಿನ ಡಾಕ್ಟರ್ ಇರೋದು ಈಚೆಗೆ. ನಿನ್ನ ಗಂಡ ಸೈಕಲ್ ಮೇಲೆ ಸೇತುವೆ ದಾಟೋದನ್ನ ನೋಡಿದ್ದೀನಿ. ನಿನ್ನ ಮಗಳನ್ನೂ ನೋಡಿದ್ದೀನಿ, ಬಗಲಲ್ಲಿ ಪುಸ್ತಕ ಇಟ್ಕೊಂಡು ಹೋಗೋದನ್ನ. ಮೂರು ಜನ, ಮೂರು ದಿನ, ಒಬ್ಬರದು ಒಬ್ಬರಿಗೆ ಗೊತ್ತಿಲ್ಲ ಅಂತಲೂ ಗೊತ್ತು ನನಗೆ. ಎರಡು ವರ್ಷದಿಂದ ನೋಡ್ತಿದ್ದೀನಿ. ಹೇಳ್ಬೇಕು ಅಂತಿದ್ರೆ ಎರಡು ವರ್ಷ ಕಾಯ್ತಿದ್ನಾ?"

ಸೊಸೆ ಅವಳ ಪಕ್ಕದ ಮೆಟ್ಟಿಲ ಮೇಲೆ ಕೂತಳು.

"ಮತ್ಯಾರು?"

"ನನ್ನನ್ನ ಯಾಕೆ ಕೇಳ್ತೀಯ? ಹಿರಿಯರ ಮನೆ ಹಿತ್ತಿಲ ಬಾಗಿಲಿಗೆ ನಿಮ್ಮನೆಯಿಂದ ಯಾರು ಹೋಗಿದ್ರು ಅಂತ ನಿಮ್ಮನೇಲೇ ಕೇಳು."

ಸೊಸೆ ವಾಪಸ್ ಬಂದಾಗ ಬೇಕರಿಯವನು ಒಲೆಯ ಮುಂದೆ ತಟ್ಟೆಗಳಿಗೆ ಎಣ್ಣೆ ಸವರುತ್ತಿದ್ದ. ಅವಳು ಒಂದೇ ಉಸಿರಿಗೆ ಎಲ್ಲವನ್ನೂ ಹೇಳಿದಳು. ಕೇಳುತ್ತಾ ಕೇಳುತ್ತಾ ಅವನ ಕೈ ನಿಂತಿತು.

"ನೀನೂ ಹೋಗ್ತಿದ್ದೆಯಾ?" ಅಂದ ಹೆಂಡತಿಗೆ.

"ನೀವೂ ಹೋಗ್ತಿದ್ರಾ?"

"ನನ್ನ ತಂಗಿ ಕಣೇ ಅವಳು. ಆಸ್ಪತ್ರೆ ಕ್ಯಾಂಟೀನಿಗೆ ಬ್ರೆಡ್ಡು ಹಾಕಿ, ಹಾಗೇ ಒಂದು ಅವಳಿಗೆ ಕೊಟ್ಟು ಬರ್ತಿದ್ದೆ. ಒಂದಿನಾನೂ ನಿನ್ನ ಹೆಸರೆತ್ತಲಿಲ್ಲ ಅವಳು."

"ನಿಮ್ಮ ಹೆಸರನ್ನೂ ಎತ್ತಲಿಲ್ಲ. ಮೇಜಿನ ಮೇಲೆ ನಮ್ಮ ಬೇಕರಿ ಬ್ರೆಡ್ಡು ಇದ್ರೂ, ಅಂಗಡೀಲಿ ತಗೊಂಡೆ ಅಂದ್ಲು."

ಮೊಮ್ಮಗಳು ಬಾಗಿಲಲ್ಲಿ ನಿಂತಿದ್ದಳು. "ನನಗೂ ಏನೂ ಹೇಳಲಿಲ್ಲ," ಅಂದಳು. "ನಾನು ಅತ್ತೆಗೆ ಓದೋಕೆ ಕಲಿಸ್ತಿದ್ದೆ. ಯಾರಾದ್ರೂ ಬರ್ತಾರಾ ಅಂತ ಕೇಳಿದ್ರೆ, ಯಾರು ಬರ್ತಾರೆ ನನ್ನ ಮನೆಗೆ, ನೀನೊಬ್ಬಳೇ ಹುಚ್ಚಿ ಅಂತಿದ್ರು."

ಮೂವರಿಗೂ ನಗು ಬಂತು, ಆದರೆ ಯಾರೂ ನಗಲಿಲ್ಲ. ಅಜ್ಜಿ ಒಳಗಿನ ಕೋಣೆಯಿಂದ ಬಂದು ಹಿಟ್ಟಿನ ಮೂಟೆ ಹಿಡಿದುಕೊಂಡು ನಿಂತಿದ್ದಳು.

"ಹೇಳಿದ್ದು ನಾನು," ಅಂದಳು.

ಸೊಸೆಯ ಕಡೆ ಕೈ ತೋರಿಸಿದಳು.

"ಇವಳು ಡಾಕ್ಟರ ಹತ್ರದಿಂದ ಬಂದಾಗೆಲ್ಲ ಬಟ್ಟೇಲಿ ಗಂಜಿ ವಾಸನೆ. ಇಸ್ತ್ರಿ ಮಾಡೋ ಜಾಗದ ವಾಸನೆ. ಅವಳು ಲಾಂಡ್ರೀಲಿ ಇದಾಳೆ ಅಂತ ಯಾರೋ ಅಂದಿದ್ದು ಕೇಳಿದ್ದೆ. ಹಿರಿಯರ ಹತ್ರ ಹೋಗಿ, ಸೊಸೆ ದಾರಿ ತಪ್ತಿದ್ದಾಳೇನೋ, ಕರೆದು ಬುದ್ಧಿ ಹೇಳಿ ಅಂದೆ. ಮನೆಯಲ್ಲೇ ಮುಗಿಯುತ್ತೆ ಅಂದ್ಕೊಂಡೆ. ಸಭೇಲಿ ಎತ್ತುತ್ತಾರೆ ಅಂತ ಗೊತ್ತಿರಲಿಲ್ಲ."

"ಅಮ್ಮಾ!" ಬೇಕರಿಯವನು ಎಣ್ಣೆಯ ಬಟ್ಟೆಯನ್ನು ತೊಟ್ಟಿಗೆ ಎಸೆದ. "ನಾಲ್ಕು ಗೋಡೆ ಒಳಗೆ ಕೇಳೋಕಾಗ್ಲಿಲ್ವಾ ನಿನಗೆ?"

"ಕೇಳಿದ್ರೆ ನಿಜ ಹೇಳ್ತಿದ್ರಾ?"

ಬೇಕರಿಯವನು ತಟ್ಟೆಗಳನ್ನು ಒಂದರ ಮೇಲೊಂದು ಜೋಡಿಸತೊಡಗಿದ.

"ಒಬ್ಬಳು ಅಂದ್ಕೊಂಡಿದ್ದೆ," ಅಂದಳು ಅಜ್ಜಿ. "ಮೂವರೂನಾ? ಹೋಗದೇ ಇದ್ದೋಳು ನಾನೊಬ್ಬಳೇನಾ?"

"ಹೌದು," ಅಂದಳು ಮೊಮ್ಮಗಳು, ಮುಖಕ್ಕೆ ಹೊಡೆದ ಹಾಗೆ. "ನೀನೊಬ್ಬಳೇ."

ಅಂದಿನಿಂದ ಮನೆಯಲ್ಲಿ ಅನುಮಾನವೆಲ್ಲ ಒಂದೇ ಕಡೆ ತಿರುಗಿತು. ಅಜ್ಜಿ ಅಡುಗೆಮನೆಗೆ ಬಂದರೆ ಮಾತು ನಿಲ್ಲುತ್ತಿತ್ತು. ಅವಳ ತಟ್ಟೆಗೆ ಊಟ ಬೀಳುತ್ತಿತ್ತು, ಸಾಕಾ ಬೇಕಾ ಅಂತ ಕೇಳುವವರಿರಲಿಲ್ಲ.

ಆ ವಾರದ ಕೊನೆಗೆ ಹಿರಿಯರೇ ಬೇಕರಿಗೆ ಬಂದರು. ಜೊತೆಗೆ ಮೂರನೇ ಸಾಲಿನ ಆ ಅಳಿಯನೂ ಬಂದಿದ್ದ. ಅವನು ಒಳಗೆ ಬರದೆ ಬಾಗಿಲ ಚೌಕಟ್ಟಿಗೆ ಒರಗಿ, ಉಗುರಿನಲ್ಲಿ ಹಳೆಯ ಬಣ್ಣ ಕೆರೆಯುತ್ತಾ ನಿಂತ.

"ಬರುವ ಸಭೆಯಲ್ಲಿ ತಪ್ಪಿತಸ್ಥರು ಎದ್ದು ಒಪ್ಪಿಕೊಳ್ಳಲಿ," ಅಂದರು ಹಿರಿಯರು. ಅವರ ದನಿ ಯಾವಾಗಲೂ ಮೆತ್ತಗೆ, ಕಾಯಿಲೆಯವರನ್ನು ಮಾತಾಡಿಸುವ ಹಾಗೆ. "ಒಬ್ಬರು ಒಪ್ಪಿಕೊಂಡರೆ ಒಬ್ಬರನ್ನೇ ಹೊರಗಿಡ್ತೀವಿ. ಯಾರೂ ಏಳದಿದ್ದರೆ ಇಡೀ ಮನೆಯನ್ನ. ಈ ಕಟ್ಟಡ ಸಭೆಯದ್ದು ಅಂತ ನಿಮಗೆ ನೆನಪಿದೆಯಲ್ಲ?"

"ಇದೆ," ಅಂದ ಬೇಕರಿಯವನು.

"ಒಲೆ ಚೆನ್ನಾಗಿದೆ," ಅಂದ ಅಳಿಯ ಬಾಗಿಲಿಂದ. "ಬಣ್ಣ ಮಾತ್ರ ಬಳೀಬೇಕು."

ಅವರು ಹೋದ ಮೇಲೆ ಮನೆಯಲ್ಲಿ ರಂಪ ಶುರುವಾಯಿತು.

"ನಾನು ಏಳ್ತೀನಿ," ಅಂದ ಬೇಕರಿಯವನು.

"ನೀವೆದ್ರೆ ಅಂಗಡಿ ನಡೆಸೋರು ಯಾರು? ಹೊರಗಿಟ್ಟೋನ ಕೈಯಿಂದ ಬ್ರೆಡ್ಡು ಯಾರು ತಗೋತಾರೆ?" ಅಂದಳು ಸೊಸೆ. "ನಾನು ಏಳ್ತೀನಿ. ಹೇಗೂ ನನ್ನ ಮೇಲೇ ದೂರು ಹೋಗಿರೋದು."

"ಆಮೇಲೆ ನಿನ್ನ ಜೊತೆ ನಾನು ಉಣ್ಣೋ ಹಾಗಿಲ್ಲ, ಮಾತಾಡೋ ಹಾಗಿಲ್ಲ. ಅದೇನು ಸಂಸಾರಾನಾ?"

"ಎಲ್ಲಾ ಬಿಟ್ಟು ಹೋಗೋಣ," ಅಂದಳು ಮೊಮ್ಮಗಳು. "ನಾಲ್ಕೂ ಜನ. ಇವರ ಹಂಗೇ ಬೇಡ."

"ಎಲ್ಲಿಗೆ ಹೋಗೋದು? ಒಲೇನ ತಲೆ ಮೇಲೆ ಹೊತ್ಕೊಂಡು ಹೋಗ್ಲಾ? ಹಾಸಿಗೆ ಇದ್ದಷ್ಟು ಕಾಲು ಚಾಚ್ಬೇಕು ಮಗಳೇ."

"ಹಾಸಿಗೇನೇ ಎಳ್ಕೊಂಡು ಹೋಗ್ತಿದಾರಲ್ಲಪ್ಪ!"

ಅಜ್ಜಿ ಮೂಲೆಯಲ್ಲಿ ಕೂತು ಬಟಾಣಿ ಬಿಡಿಸುತ್ತಿದ್ದಳು. ತಲೆ ಎತ್ತದೆ ಕೇಳಿದಳು, "ಅವಳ ಮನೆಗೆ ಮೆಟ್ಟಿಲು ಹತ್ತಬೇಕಾ?"

ಮೂವರೂ ಅವಳ ಕಡೆ ತಿರುಗಿದರು.

"ಯಾಕೆ?" ಅಂದಳು ಸೊಸೆ.

"ಸುಮ್ನೆ ಕೇಳ್ದೆ."

ಮಾರನೇ ದಿನ ಮತ್ತೆ ಕೇಳಿದಳು, ಮೊಮ್ಮಗಳನ್ನು. "ಎಷ್ಟನೇ ಮಹಡಿ?" ಆಮೇಲೆ ಮಗನನ್ನು, "ಸೇತುವೆ ದಾಟಿದ ಮೇಲೆ ಯಾವ ಕಡೆ?" ಸಂಜೆ ಸೊಸೆಯನ್ನು, "ಲಾಂಡ್ರಿಗೆ ರಜೆ ಯಾವತ್ತು? ಒಲೆ ಎಂಥದು ಅವಳದು? ಕುರ್ಚಿ ಎಷ್ಟಿದೆ?"

ಸೊಸೆ ಅರ್ಧ ಹೇಳಿ ನಿಲ್ಲಿಸಿದಳು. ಅವತ್ತು ಗಂಡನ ಹತ್ತಿರ ಪಿಸುಗುಟ್ಟಿದಳು, "ಅತ್ತೆ ಮತ್ತೆ ಹಿರಿಯರ ಹತ್ರ ಹೋಗೋಕೆ ಎಲ್ಲ ಕೂಡಿಟ್ಕೊಳ್ತಿದಾರೆ. ಗುರುತು, ಜಾಗ, ಎಲ್ಲ. ಏನೂ ಹೇಳ್ಬೇಡಿ."

"ಹೆತ್ತ ಮಗಳನ್ನ ಇನ್ನೂ ಏನು ಮಾಡ್ತಾಳೆ?"

"ಒಂದ್ಸಲ ಕೈ ಎತ್ತಲಿಲ್ವಾ?"

ಬೇಕರಿಯವನು ತಾಯಿಯ ಮುಖ ನೋಡುವುದನ್ನೂ ಬಿಟ್ಟ. ಆದರೆ ಅಜ್ಜಿ ಕೇಳುವುದನ್ನು ಬಿಡಲಿಲ್ಲ. ಉತ್ತರ ಬರದಿದ್ದರೆ ಬೇರೆ ಕಡೆಯಿಂದ ಬಂದು ಕೇಳುತ್ತಿದ್ದಳು, ಬಟ್ಟೆ ಒಣಗಿಸುವಾಗ, ಹಿಟ್ಟು ಜರಡಿ ಹಿಡಿಯುವಾಗ. ಒಂದು ಮಧ್ಯಾಹ್ನ ಅವಳು ಗಡಿಯಾರದವಳ ಮನೆಯಿಂದ ಹೊರಗೆ ಬರುವುದನ್ನು ಮೊಮ್ಮಗಳು ನೋಡಿದಳು. ಅಜ್ಜಿ ಆ ಮನೆಯ ಮೆಟ್ಟಿಲು ಹತ್ತಿ ಎಷ್ಟೋ ಕಾಲವಾಗಿತ್ತು. "ಏನು ಕೆಲಸ ಅಲ್ಲಿ?" ಅಂದರೆ, "ಗಡಿಯಾರ ನಿಂತಿದೆ," ಅಂದಳು ಅಜ್ಜಿ. ಗೋಡೆಯ ಗಡಿಯಾರ ಮೊಮ್ಮಗಳ ತಲೆಯ ಮೇಲೆ ಟಿಕ್ ಟಿಕ್ ಅನ್ನುತ್ತಲೇ ಇತ್ತು.

ಸಭೆಯ ದಿನ ಬೆಂಚುಗಳು ಹೊತ್ತಿಗೆ ಮುಂಚೆಯೇ ತುಂಬಿದ್ದವು. ಹಿರಿಯರು ಎದ್ದು, "ಒಪ್ಪಿಕೊಳ್ಳುವವರು ಏಳಬಹುದು," ಅಂದರು.

ಬೇಕರಿಯವನು ಮುಂದಿನ ಬೆಂಚಿನ ಬೆನ್ನು ಹಿಡಿದು ಅರ್ಧ ಎದ್ದಿದ್ದ. ಅಷ್ಟರಲ್ಲಿ ಮೊದಲ ಸಾಲಿನಿಂದ ದನಿ ಬಂತು.

"ನಾನು."

ಅಜ್ಜಿ ನಿಂತಿದ್ದಳು. ಎಲ್ಲರಿಗಿಂತ ಹೆಚ್ಚು ಬೆಚ್ಚಿದವರು ಹಿರಿಯರು.

"ನೀವು ಕೂತ್ಕೊಳ್ಳಿ. ಇದು ನಿಮ್ಮ ವಿಷಯ ಅಲ್ಲ."

"ನನ್ನದೇ. ನನ್ನ ಮಗಳ ಮನೆಗೆ ಹೋಗ್ತಿದ್ದೋಳು ನಾನು. ನಮ್ಮನೇಲಿ ಬೇರೆ ಯಾರಿಗೂ ಗೊತ್ತಿರಲಿಲ್ಲ."

"ಯಾವಾಗ ಹೋಗ್ತಿದ್ರಿ?"

"ಅವಳ ಲಾಂಡ್ರಿಗೆ ರಜೆ ಇರೋ ದಿನ. ನೀವೆಲ್ಲ ಮಧ್ಯಾಹ್ನ ಮಲಗಿರ್ತೀರಲ್ಲ, ಆಗ."

"ಮನೆ ಎಲ್ಲಿದೆ?"

"ಸೇತುವೆ ದಾಟಿ ಎಡಕ್ಕೆ, ಗುಜರಿ ಗೋದಾಮಿನ ಹಿಂದೆ. ಮೂರನೇ ಮಹಡಿ. ಮೆಟ್ಟಿಲಿಗೆ ಕಂಬಿ ಇಲ್ಲ, ಗೋಡೆ ಹಿಡ್ಕೊಂಡು ಹತ್ತಬೇಕು. ಒಂದು ಕೋಣೆ, ಎರಡು ಕುರ್ಚಿ, ಎಣ್ಣೆ ಸ್ಟೌ."

ಬೇಕರಿಯವನು ಹೆಂಡತಿಯ ಕಡೆ ನೋಡಿದ. ಅವಳು ಬಾಯಿಗೆ ಕೈ ಅಡ್ಡ ಹಿಡಿದಿದ್ದಳು. ಇಷ್ಟು ದಿನ ಅತ್ತೆ ಕೇಳಿದ ಒಂದೊಂದು ಪ್ರಶ್ನೆಗೂ ಅರ್ಥ ಅವಳಿಗೆ ಈಗ ಹೊಳೆಯಿತು.

"ಏನು ತಿಂದ್ರಿ?" ಅಂದರು ಹಿರಿಯರು.

ಇದನ್ನು ಅಜ್ಜಿ ಯಾರನ್ನೂ ಕೇಳಿರಲಿಲ್ಲ.

"ಆಲೂಗಡ್ಡೆ ಸಾರು. ಉಪ್ಪು ಜಾಸ್ತಿ. ಚಿಕ್ಕಂದಿನಿಂದಲೂ ಅವಳ ಕೈ ಹಾಗೇ."

ಹಿರಿಯರ ಮುಖ ಕೆಂಪಾಯಿತು. "ಈ ವಿಷಯ ನಮಗೆ ಬೇರೆ ಥರ ತಿಳಿದುಬಂದಿತ್ತು."

"ಯಾರಿಂದ? ಹೇಳಿಬಿಡಿ. ನಿಮ್ಮ ಹಿತ್ತಿಲ ಬಾಗಿಲಿಗೆ ಬಂದು ಯಾರು ಏನು ಹೇಳಿದ್ರು ಅಂತ ಇಲ್ಲೇ, ಎಲ್ಲರ ಎದುರಿಗೇ ಹೇಳಿ."

ಬೆಂಚುಗಳ ಮೇಲೆ ತಲೆಗಳು ಬಗ್ಗಿದವು. ಆ ಹಿತ್ತಿಲ ಬಾಗಿಲನ್ನು ಒಮ್ಮೆಯೂ ತಟ್ಟದವರು ಅಲ್ಲಿ ಒಬ್ಬರಾದರೂ ಇದ್ದರೋ ಇಲ್ಲವೋ. ಇವತ್ತು ಒಂದು ಹೆಸರು ಹೊರಬಿದ್ದರೆ ನಾಳೆಯಿಂದ ಅದನ್ನು ತಟ್ಟುವವರು ಯಾರೂ ಇರುವುದಿಲ್ಲ ಅಂತ ಹಿರಿಯರಿಗೆ ಗೊತ್ತಿತ್ತು.

"ಕಂಡವರು ಯಾರಾದ್ರೂ ಇದ್ದಾರಾ?" ಅಂದರು, ಬೇರೆ ದಾರಿ ಕಾಣದೆ.

ಹಿಂದಿನ ಸಾಲಿನಲ್ಲಿ ಗಡಿಯಾರದವಳು ಎದ್ದಳು. "ನಾನು ಕಂಡಿದ್ದೀನಿ. ಆಸ್ಪತ್ರೆ ಸ್ಟಾಪಲ್ಲಿ ಬಸ್ ಹತ್ತೋದನ್ನ. ಈ ಅಜ್ಜೀನೇ."

ಅವಳ ಗಂಡ ಅವಳ ಕಡೆ ತಿರುಗಿದ. ಅವಳು ನೆಟ್ಟಗೆ ಎದುರು ಗೋಡೆ ನೋಡುತ್ತಾ ಕೂತಳು.

ಕೈ ಎತ್ತಬೇಕಾಯಿತು. ಮೊದಲು ಮನೆಯವರು. ಬೇಕರಿಯವನ ಕೈ ಮಡಿಲಲ್ಲೇ ಇತ್ತು. ಅಜ್ಜಿ ಹಿಂದಕ್ಕೆ ತಿರುಗಿ ಅವನನ್ನು ನೋಡಿ, ಚಿಕ್ಕಂದಿನಲ್ಲಿ ಕಹಿ ಔಷಧಿ ಕುಡಿಸುವಾಗ ಹೇಳುತ್ತಿದ್ದ ಹಾಗೆ ಹೇಳಿದಳು, "ಎತ್ತೋ. ಬೇಗ ಮುಗಿಯುತ್ತೆ."

ಅವನು ಎತ್ತಿದ. ಸೊಸೆಯೂ ಎತ್ತಿದಳು. ಮೊಮ್ಮಗಳು ಕೆಮ್ಮು ಬಂದವಳ ಹಾಗೆ ಬಾಯಿ ಮುಚ್ಚಿಕೊಂಡು ಹೊರಗೆ ಹೋದವಳು ತಿರುಗಿ ಬರಲಿಲ್ಲ. ಉಳಿದ ಕೈಗಳು ಒಂದೊಂದಾಗಿ ಮೇಲಕ್ಕೆ ಹೋದವು. ಅಳಿಯನ ಕೈ ಎಲ್ಲರಿಗಿಂತ ಎತ್ತರಕ್ಕಿತ್ತು.

ಮನೆಗೆ ಬಂದು ಬೇಕರಿಯವನು ಹಿಟ್ಟಿನ ತೊಟ್ಟಿಯ ಅಂಚಿನ ಮೇಲೆ ಕೂತು ಗೊಳೋ ಅಂತ ಅತ್ತ. "ನಿನ್ನ ಮೇಲೆ ಕೈ ಎತ್ತಿದೆ ಅಮ್ಮಾ."

"ನನಗೂ ಗೊತ್ತು ಅದು ಹೇಗಿರುತ್ತೆ ಅಂತ," ಅಂದಳು ಅಜ್ಜಿ. "ಎದ್ದೇಳು. ಸಂಜೆಗೆ ಹಿಟ್ಟು ನಾದಬೇಕು."

ಸೊಸೆ ಅತ್ತೆಯ ತಟ್ಟೆಯನ್ನು ಎಂದಿನ ಜಾಗದಲ್ಲೇ ಇಟ್ಟು, "ಸಾಕಾ, ಇನ್ನೂ ಹಾಕ್ಲಾ?" ಅಂದಳು. ಮೊದಲ ತುತ್ತು ಎತ್ತುವಷ್ಟರಲ್ಲಿ ಬಾಗಿಲು ಬಡಿದ ಸದ್ದು. ಭೇಟಿಯ ಹೆಂಗಸರು ಬಂದಿದ್ದರು. ಅಜ್ಜಿ ತಟ್ಟೆ ತಗೊಂಡು ಹೋಗಿ ಬೇಕರಿಯ ಹಿಟ್ಟಿನ ಮೂಟೆಯ ಮೇಲೆ ಕೂತು ಉಂಡಳು. ಮರುದಿನವೂ ಬಂದರು, ಅದರ ಮರುದಿನವೂ. ಅತ್ತ ಬೇಕರಿಯ ಮುಂದೆ ಮತ್ತೆ ಜನ ಸೇರಿದರು. ಹಾಲಿನವಳ ಮಕ್ಕಳ ಹೊಟ್ಟೆ ಸರಿಹೋಗಿತ್ತು. ದರ್ಜಿ ಎರಡು ಬ್ರೆಡ್ಡು ಕಟ್ಟಿಸಿಕೊಂಡ. ಒಳಗಿನ ಮೂಟೆಯ ಮೇಲೆ ಕೂತಿದ್ದ ಅಜ್ಜಿಯನ್ನು ಮಾತ್ರ ಅವನ ಕಣ್ಣು ಕಾಣಲಿಲ್ಲ.

ನಾಲ್ಕನೇ ದಿನ ಅಜ್ಜಿ ತನ್ನೆರಡು ಜೊತೆ ಬಟ್ಟೆ ಕಟ್ಟಿಕೊಂಡು, "ಬಸ್ಸು ಎಲ್ಲಿ ಹತ್ತೋದು?" ಅಂತ ಮೊಮ್ಮಗಳನ್ನು ಕೇಳಿದಳು.

ಸೇತುವೆಯಾಚೆ, ಜೊತೆಗೆ ಬಂದ ಮೊಮ್ಮಗಳ ತೋಳು ಹಿಡಿದು ಮೂರು ಮಹಡಿ ಹತ್ತುವಾಗ ಎರಡು ಕಡೆ ಕೂತು ಸುಧಾರಿಸಿಕೊಂಡಳು. ಬಾಗಿಲು ತೆರೆದೇ ಇತ್ತು. ಒಳಗೆ ಮಗಳು ಮೇಜಿನ ಮೇಲೆ ದಿಂಬಿನ ಚೀಲಗಳಿಗೆ ಇಸ್ತ್ರಿ ಹಾಕುತ್ತಿದ್ದಳು, ಲಾಂಡ್ರಿಯಿಂದ ತಂದ ಹೊರಗೆಲಸ. ಮುರಿದಿದ್ದ ಎಡಗೈ ಸ್ವಲ್ಪ ಸೊಟ್ಟಗೆ ಕೂಡಿಕೊಂಡಿತ್ತು. ಅದನ್ನು ಅಜ್ಜಿ ನೋಡಿದ್ದು ಇದೇ ಮೊದಲು.

ಮಗಳು ಇಸ್ತ್ರಿಪೆಟ್ಟಿಗೆ ಎತ್ತಿ ನಿಲ್ಲಿಸಿದಳು. ಬಾ ಅನ್ನಲಿಲ್ಲ, ಕೂರು ಅನ್ನಲಿಲ್ಲ.

"ಕೇಳ್ದೆ," ಅಂದಳು. "ಇವಳು ಬಂದು ಎಲ್ಲ ಹೇಳಿದ್ಲು. ವಾರ ವಾರ ಬರ್ತಿದ್ದೆ ಅಂದ್ಯಂತೆ."

"ಹೂಂ."

"ಅವರು ಹೊರಗೆ ಹಾಕದೇ ಇದ್ದಿದ್ರೆ ಬರ್ತಿದ್ಯಾ?"

ಮೊಮ್ಮಗಳು ಅಜ್ಜಿಯ ತೋಳು ಒತ್ತಿದಳು. ಹೌದು ಅನ್ನಲಿ, ಇಷ್ಟು ಸುಳ್ಳು ಹೇಳಿದವಳು ಇನ್ನೊಂದು ಹೇಳಲಿ ಅಂತ.

"ಇಲ್ಲ," ಅಂದಳು ಅಜ್ಜಿ. "ಬರ್ತಿರಲಿಲ್ಲ."

ಮಗಳು ಅವಳ ಮುಖವನ್ನೇ ನೋಡುತ್ತಾ ನಿಂತಳು. ಕೆಳಗೆ ಗೋದಾಮಿನಲ್ಲಿ ಯಾರೋ ತಗಡು ಎಳೆಯುತ್ತಿದ್ದರು. ಆ ಸದ್ದು ನಿಂತ ಮೇಲೆ ಮಗಳು ಒಂದು ಕುರ್ಚಿಯ ಮೇಲಿದ್ದ ಬಟ್ಟೆಯ ರಾಶಿ ಎತ್ತಿ ಮಂಚಕ್ಕೆ ಹಾಕಿದಳು.

"ಬರೀ ಕೂತಿರಬೇಡ. ಇವನ್ನ ಮಡಚು."

ಅಜ್ಜಿ ಕೂತು ಮಡಚತೊಡಗಿದಳು. ಮಗಳು ಒಂದನ್ನು ಬಿಚ್ಚಿ, "ಹಾಗಲ್ಲ, ಹೊಲಿಗೆ ಒಳಗೆ ಬರಬೇಕು," ಅಂತ ತೋರಿಸಿಕೊಟ್ಟಳು. ಅಜ್ಜಿ ಮತ್ತೆ ಮಡಚಿದಳು. ಅದೂ ಸರಿಯಾಗಲಿಲ್ಲ. ಮಗಳು ಮತ್ತೆ ಬಿಚ್ಚಿದಳು. ಮೊಮ್ಮಗಳು ಬಾಗಿಲ ಹೊಸ್ತಿಲ ಮೇಲೆ ಕೂತು ಇಬ್ಬರನ್ನೂ ನೋಡುತ್ತಿದ್ದಳು.

ರಾಶಿ ಕರಗಿದ ಮೇಲೆ ಮಗಳು ಸ್ಟೌ ಹಚ್ಚಿ, ಬೆನ್ನು ತಿರುಗಿಸಿಕೊಂಡೇ ಕೇಳಿದಳು, "ಊಟಕ್ಕೆ ಇರ್ತೀಯಾ, ಹೋಗ್ತೀಯಾ?"

"ಹೋಗು ಅಂದ್ರೆ ಹೋಗ್ತೀನಿ."

"ನಾನು ಅದನ್ನ ಕೇಳಲಿಲ್ಲ."

"ಇರ್ತೀನಿ," ಅಂದಳು ಅಜ್ಜಿ.

ಮಗಳು ಪಾತ್ರೆಗೆ ಇನ್ನೊಂದು ಲೋಟ ನೀರು ಹಾಕಿದಳು.